ಎರಡು ಕಾಲುವೆ, ಒಂದು ಪದ

ಕಥೆ, ಕವಿತೆಗೆ ಕೇಳುವ ಪ್ರಶ್ನೆಗಳನ್ನು ನಾವು ಸುದ್ದಿಗೆ ಕೇಳುವುದಿಲ್ಲ. ಇಲ್ಲಿ ಯಾರು ಮಾತಾಡುತ್ತಿದ್ದಾರೆ? ಯಾರು ವಾಕ್ಯದ ಮೊದಲಿಗಿದ್ದಾರೆ, ಯಾರು ಕೊನೆಗೆ ಸರಿದಿದ್ದಾರೆ? ದಲಿತ ವಿಮರ್ಶೆ ಇಷ್ಟು ಕಾಲ ಕೃತಿಗಳಿಗೆ ಕೇಳಿದ ಈ ಪ್ರಶ್ನೆಗಳನ್ನು ಇನ್ನು ಮುಂದೆ ಟಿವಿಗೂ ಫೋನಿಗೂ ಕೇಳಬೇಕಾಗಿದೆ.

2025ರ ಮಾರ್ಚ್ 6ರ ರಾತ್ರಿ, ಹಂಪಿಯಿಂದ ಹೊಳೆಯಾಚೆ ಸಾಣಾಪುರದ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದರು, ಒಡಿಶಾದವನೊಬ್ಬ ಸತ್ತ. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಸುತ್ತಲೇಬೇಕಿತ್ತು. ಆದರೆ ‘ಇಸ್ರೇಲಿ ಪ್ರವಾಸಿ ಮತ್ತು...’ ಎಂದೇ ಶುರುವಾದ ಶೀರ್ಷಿಕೆಗಳು ಎಷ್ಟೊಂದು! ಆ ‘ಮತ್ತು’ವಿನ ಆಚೆ ನಿಂತವಳು ಹೋಂಸ್ಟೇ ನಡೆಸುತ್ತಿದ್ದ ಇಲ್ಲಿನ ಹೆಣ್ಣು. ಆಕೆಯ ಹೆಸರು ಬರಬಾರದು, ಸರಿ. ಆದರೆ ಅತಿಥಿಗಳನ್ನು ಕರೆದೊಯ್ದ ಆಕೆ ಆ ಹೊತ್ತಿನಲ್ಲಿ ತನ್ನ ದುಡಿಮೆಯಲ್ಲಿದ್ದಳು ಎಂಬುದು ಯಾರಿಗೆ ಮುಖ್ಯವಾಯಿತು? ಮಾತು ಬಹುಬೇಗ ಪ್ರವಾಸೋದ್ಯಮದ ಮಾನದ ಕಡೆ ಹೊರಳಿಕೊಂಡಿತು.

ಇನ್ನೊಂದು ಕಾಲುವೆ ನಮ್ಮ ಬಲದಂಡೆಯದು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲಿನ ಹತ್ತಿರ ಕೂಲಿಯವರ ಆಟೊ ಕಾಲುವೆಗೆ ಬಿದ್ದು ಹೆಣ್ಣಾಳುಗಳು ಸತ್ತರು. ಅದು ‘ಅಪಘಾತ’ದ ಸುದ್ದಿಯಾಯಿತು. ‘ಮಹಿಳಾ ಸುರಕ್ಷತೆ’ಯ ಚರ್ಚೆಗೆ ಅದನ್ನು ಯಾರೂ ತರಲಿಲ್ಲ. ಆ ಪದದ ಅರ್ಥವನ್ನು ಮಾಧ್ಯಮ ಆಗಲೇ ಕಟ್ಟಿಕೊಟ್ಟಿದೆ: ರಾತ್ರಿ, ಒಂಟಿ ಹೆಣ್ಣು, ಅಪರಿಚಿತ ಗಂಡಸು. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷ ವರ್ಷವೂ ಹೇಳಿದರೂ ಈ ಚಿತ್ರ ಬದಲಾಗಿಲ್ಲ.

ಈ ಚಿತ್ರಕ್ಕೆ ಜಾತಿಯೂ ಇದೆ. 2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ದಲಿತ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರವರೇ ಕೊಂದಾಗ ದೊಡ್ಡ ಮಾಧ್ಯಮಗಳು ಕಣ್ಣು ತೆರೆಯಲು ವಾರಗಳೇ ಬೇಕಾದವು. ಅದಕ್ಕೂ ದಲಿತರು ಬೀದಿಗಿಳಿಯಬೇಕಾಯಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯಕ್ಕೆ ದೇಶ ಮಿಡಿಯಿತು, 2013ರಲ್ಲಿ ಕಾನೂನು ಬದಲಾಯಿತು, ನಿರ್ಭಯಾ ನಿಧಿ ಬಂತು. ದೆಹಲಿಗೆ ಮಿಡಿದದ್ದು ತಪ್ಪಲ್ಲ. ಖೈರ್ಲಾಂಜಿಗೆ ಯಾಕೆ ಮಿಡಿಯಲಿಲ್ಲ ಎಂಬುದು ನನ್ನ ಪ್ರಶ್ನೆ.

ಬೇರೆಯವರನ್ನು ಕೇಳುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಾಲೇಜಿನಿಂದ ಎಮ್ಮಿಗನೂರಿಗೆ ಬರೋದು ಸ್ವಲ್ಪ ತಡವಾದರೂ ನಮ್ಮವ್ವ ಫೋನಿನ ಮೇಲೆ ಫೋನ್ ಮಾಡುತ್ತಾಳೆ. ಟಿವಿ ಆಕೆಗೆ ಆ ಭಯ ಕಲಿಸಿದೆ. ಆದರೆ ನಾಟಿಯ ಕಾಲದಲ್ಲಿ ಅವ್ವ ಕತ್ತಲಿರುವಾಗಲೇ ಎದ್ದು, ಹತ್ತು ಹದಿನೈದು ಜನ ತುಂಬಿದ ಟಂಟಂ ಹತ್ತಿ ಕಾಲುವೆ ದಂಡೆಯ ಮೇಲೆ ಹೋದಾಗ ‘ಮುಟ್ಟಿದಿಯಾ ಅವ್ವಾ?’ ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ನನಗೂ ಟಿವಿಯೇ ಪಾಠ ಹೇಳಿತ್ತು.

2017ರ ಜನವರಿಯಿಂದ ಮಾರುವ ಫೋನುಗಳಲ್ಲೆಲ್ಲ ಅಪಾಯದ ಗುಂಡಿ ಇರಬೇಕೆಂದು ಸರ್ಕಾರ ಹಿಂದಿನ ವರ್ಷವೇ ನಿಯಮ ಮಾಡಿತ್ತು. ಗುಂಡಿಯ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಫೋನಿದ್ದ ಹೆಂಗಸರು ನೂರಕ್ಕೆ ಸುಮಾರು 54 ಮಾತ್ರ. ಇದನ್ನೆಲ್ಲ ಅವ್ವನಿಗೆ ವಿವರಿಸಿದೆ.

‘ಗುಂಡಿ ಒತ್ತಿದ್ರ ಯಾರ್ ಬರ್ತಾರ?’

‘ಪೊಲೀಸ್ರು.’

‘ಅವ್ರು ಬಂದ್ರ ಯಾವ ಗುಂಡಿ ಒತ್ತಬೇಕು?’

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಗೆ ಪೊಲೀಸರು ಬರುವುದು ಆಕೆಯನ್ನು ಕಾಯಲಿಕ್ಕಲ್ಲ, ಕಡ್ಲೆಕಾಯಿ ಕಳವು ಹುಡುಕಲಿಕ್ಕೆ. ನಮ್ಮ ಸಾಹಿತ್ಯಕ್ಕೆ ಗೊತ್ತಿದ್ದ ಈ ಸತ್ಯ ಗುಂಡಿ ಮಾಡಿದವರಿಗೆ ಗೊತ್ತಿಲ್ಲ. ಕರೆದರೆ ಕಾನೂನು ನಮ್ಮ ಪರವಾಗಿಯೇ ಬರುತ್ತದೆ ಎಂದು ನಂಬಿದವರು ಮಾಡಿದ ಯಂತ್ರ ಅದು.

ಗುಂಡಿ ಬೇಡ ಎನ್ನುತ್ತಿಲ್ಲ. ಆದರೆ ಕೂಲಿಗೆ ಹೋಗುವವರಿಗೆ ಬಸ್ಸು, ಕಾಲುವೆಗೆ ತಡೆಗೋಡೆ, ಠಾಣೆಯಲ್ಲಿ ಜಾತಿ ದೌರ್ಜನ್ಯದ ದೂರನ್ನು ಹಿಂದಕ್ಕೆ ಕಳಿಸದೆ ಬರೆದುಕೊಳ್ಳುವುದು, ಇವೂ ‘ಸುರಕ್ಷತೆ’ ಎಂಬ ಪದದೊಳಗೆ ಬರಬೇಕು. ಆ ಪದಕ್ಕೆ ಅರ್ಥ ಬರೆಯುವ ಕೆಲಸವನ್ನು ಟಿವಿಯವರಿಗೆ ಬಿಟ್ಟುಕೊಟ್ಟು ನಾವು ಬರೀ ಕಾದಂಬರಿ ಓದುತ್ತ ಕೂತರೆ, ನಮ್ಮದು ಎಂಥ ವಿಮರ್ಶೆ?