ಯಶೋಧರಚರಿತೆಯ ಜನ್ಮಾಂತರಗಳು

ಮರಣಾನಂತರ ಜೀವದ ಗತಿಯೇನೆಂಬ ಪ್ರಶ್ನೆಯು ಎಲ್ಲ ಜನಾಂಗಗಳಿಗೂ ಸಮಾನವಾದುದು. ಉತ್ತರಗಳು ಮಾತ್ರ ಭಿನ್ನ. ಕನ್ನಡದಲ್ಲಿ ಈ ಪ್ರಶ್ನೆಯನ್ನೇ ವಸ್ತುವಾಗಿ ಮಾಡಿಕೊಂಡ ಕಾವ್ಯಗಳಲ್ಲಿ ಜನ್ನನ ‘ಯಶೋಧರಚರಿತೆ’ಯು ಗಣ್ಯವಾದುದು. ಕ್ರಿ. ಶ. 1209ರಲ್ಲಿ ಇದನ್ನು ರಚಿಸಿದ ಕವಿಯು ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದವನು. ಆ ರಾಜವಂಶದ ಮೂಲಸ್ಥಾನವಾದ ಸೊಸೆವೂರೆಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ. ಅಲ್ಲಿನ ಬಸದಿಗಳನ್ನು ಕಂಡ ವಾಚಕರಿಗೆ ಈ ಕಾವ್ಯದ ಧರ್ಮವು ಹೊರಗಿನದೆಂದು ತೋರದು.

ಕಥಾಬೀಜವು ಅಲ್ಪವಾದುದು. ಮಗನು ಕಂಡೆನೆಂದ ಕನಸಿನ ದೋಷ ಕಳೆಯಲು ಪ್ರಾಣಿಬಲಿಯಾಗಬೇಕೆಂದು ತಾಯಿ ಚಂದ್ರಮತಿಯು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಯಶೋಧರನು ಕಡೆಗೆ ಹಿಟ್ಟಿನ ಕೋಳಿಯನ್ನು ಬಲಿಯಿಡುತ್ತಾನೆ. ಕತ್ತಿ ತಾಗಿದೊಡನೆ ಹಿಟ್ಟಿನ ಕೋಳಿಯು ಕೂಗುತ್ತದೆ. ಆ ಸಂಕಲ್ಪಹಿಂಸೆಯ ಫಲವಾಗಿ, ರಾಣಿ ಅಮೃತಮತಿಯಿಟ್ಟ ವಿಷದಿಂದ ಮಡಿದ ತಾಯಿಮಕ್ಕಳು ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡಾಗಿ, ಕೋಳಿಗಳಾಗಿ ಹುಟ್ಟಿ ಸತ್ತು, ಕೊನೆಗೆ ಯಶೋಧರನ ಮಗನಿಗೇ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಾಗುತ್ತಾರೆ.

ಜನ್ಮಾಂತರವನ್ನು ಒಂದು ಮನೆತನದ ದುರಂತವಾಗಿ ಕಾಣಿಸಿರುವುದೇ ಜನ್ನನ ಸಿದ್ಧಿ. ತಂದೆಯ ಸದ್ಗತಿಗೆಂದು ಮಗನು ಮಾಡಿಸುವ ಶ್ರಾದ್ಧದಲ್ಲಿ ಅಡಿಗೆಯಾದ ಮೀನು ತಂದೆಯೇ. ಆ ಮಗನಲ್ಲಿ ದ್ವೇಷವಿಲ್ಲ, ದುಷ್ಟತನವಿಲ್ಲ; ಪಿತೃಭಕ್ತಿಯೇ ಪಿತೃಹತ್ಯೆಯಾಗಿ ಪರಿಣಮಿಸುತ್ತದೆ. ಯಾವ ಉಪದೇಶಕ್ಕೂ ಇಲ್ಲದ ಭಯಂಕರತೆಯು ಈ ಸನ್ನಿವೇಶಕ್ಕಿದೆ.

ಪ್ರಾಚೀನ ಯೆಹೂದ್ಯರ ಭಾವನೆಯೊಡನೆ ಹೋಲಿಸಿದರೆ ಈ ಕಲ್ಪನೆಯ ವಿಶೇಷವು ಸ್ಫುಟವಾಗುವುದು. ಅವರ ಹಳೆಯ ಗ್ರಂಥಗಳಲ್ಲಿ ಸತ್ತವರು ಷೆಯೋಲೆಂಬ ಕತ್ತಲ ಪಾತಾಳಕ್ಕೆ ಇಳಿಯುವರು, ಪುನರ್ಜನ್ಮದ ಮಾತಿಲ್ಲ. ಸತ್ತವರು ಎದ್ದು ತಕ್ಕ ಫಲವನ್ನು ಹೊಂದುವರೆಂಬುದು ಕ್ರಿ. ಪೂ. 2ನೆಯ ಶತಮಾನದಲ್ಲಿ ಪೂರ್ಣಗೊಂಡ ದಾನಿಯೇಲನ ಗ್ರಂಥದಲ್ಲಿ ಸ್ಪಷ್ಟವಾಗುತ್ತದೆ. ಫರಿಸಾಯರು ಅದನ್ನು ನಂಬಿದರು, ಸದ್ದುಕಾಯರು ನಿರಾಕರಿಸಿದರು. ಜೀವವು ದೇಹದಿಂದ ದೇಹಕ್ಕೆ ಸಂಚರಿಸುವುದೆಂಬ ಮತವು ಅವರ ಅನುಭಾವಿಗಳಲ್ಲಿ ಬೇರೂರಿದುದು 12ನೆಯ ಶತಮಾನದ ಕೊನೆಯಿಂದ, ಎಂದರೆ ಹೆಚ್ಚುಕಡಮೆ ಜನ್ನನ ಕಾಲದಲ್ಲಿ. ಅದಕ್ಕೂ ಬಹು ಹಿಂದಿನ ಯೋಬನು ನಿರಪರಾಧಿಯಾದ ತನಗೇಕೆ ಈ ದುಃಖವೆಂದು ದೇವರನ್ನು ಕೇಳಿದಾಗ ಪೂರ್ವಜನ್ಮವೆಂಬ ಸಮಾಧಾನವು ಅವನಿಗೆ ದೊರೆಯದು. ಯೋಬನ ಕಥೆಯ ಹಿರಿಮೆ ಪ್ರಶ್ನೆಯಲ್ಲಿದೆ. ಯಶೋಧರನ ಕಥೆಯದು ಉತ್ತರದಲ್ಲಿ.

ಆದರೆ ಉತ್ತರವು ಮೊದಲೇ ಸಿದ್ಧವಾಗಿರುವುದು ಕಾವ್ಯಕ್ಕೆ ತೊಡಕೂ ಆಗಿದೆ. ನಡುವಣ ಕೆಲವು ಜನ್ಮಗಳು ಲೆಕ್ಕ ಒಪ್ಪಿಸಿದಂತೆ ಓಡುತ್ತವೆ. ಹಿಟ್ಟಿನ ಕೋಳಿಗೆ ಇಷ್ಟು ಘೋರ ದಂಡನೆಯೆ ಎಂಬ ಆಕ್ಷೇಪಕ್ಕೆ ಮಾತ್ರ ಕವಿಯಲ್ಲಿ ಸಮರ್ಥವಾದ ಉತ್ತರವಿದೆ: ನೆತ್ತರು ಹರಿಯದಿದ್ದರೂ ಕೊಲ್ಲುವ ಮನಸ್ಸು ಪೂರ್ಣವಾಗಿಯೇ ಇತ್ತು. ಕುರಿಕೋಳಿಗಳಿಗೆ ಬದಲಾಗಿ ಕುಂಕುಮವಿಟ್ಟ ಬೂದುಗುಂಬಳಕಾಯಿಯನ್ನು ಒಡೆದು ನಿಶ್ಚಿಂತರಾಗುವ ನಾಡಿನಲ್ಲಿ ಈ ಮಾತು ಹಳತಾಗಿಲ್ಲ. ಎಂಟುನೂರು ವರ್ಷ ಕಳೆದರೂ ಈ ಕಿರುಕಾವ್ಯವು ಓದಿಸಿಕೊಳ್ಳುತ್ತಿರುವುದು ಅದರಿಂದಲೇ.