ಕ್ಯಾಮೆರಾದ ಮುಖ ಯಾರ ಕಡೆ?

ಮೇಲಿರುವವನು ಎಲ್ಲವನ್ನೂ ನೋಡುತ್ತಿದ್ದಾನೆ ಅನ್ನುವ ಅರ್ಥದ ಒಂದು ಹಿಂದಿ ಜಾಹೀರಾತನ್ನು ನೀವೆಲ್ಲ ಕೇಳಿರ್ತೀರಿ. ಸಿಪಿ ಪ್ಲಸ್ ಕಂಪನಿಯ ಸಿಸಿಟಿವಿಯದ್ದು. ಜಾಹೀರಾತು ಅಂತ ನೋಡಿದರೆ ಪೂರ್ತಿ ಅಂಕ ಕೊಡಬೇಕು. ದೇವರ ಭಯವನ್ನು ತಂದು ಅಂಗಡಿ ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ಹಾಗಿದೆ. ಆದರೆ ಅದನ್ನೇ ಒಂದು ಮಾತು ಅಂತ ಹಿಡಿದು ತೂಗಿದರೆ ಎರಡು ಕಡೆ ಕುಂಟುತ್ತದೆ. ಕ್ಯಾಮೆರಾ ಎಲ್ಲವನ್ನೂ ನೋಡುವುದಿಲ್ಲ, ತಿರುಗಿಸಿದ ಕಡೆಯನ್ನಷ್ಟೇ ನೋಡುತ್ತದೆ. ಇನ್ನು ಆ ಮೇಲಿರುವವನು ದೇವರಲ್ಲ, ಅಂಗಡಿಯ ಮಾಲೀಕ.

ತಿಂಥಣಿಯ ಕಡೆ ಬೆಳೆದವನಿಗೆ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಕೃಷ್ಣೆಯ ದಂಡೆಯ ಮೇಲಿನ ನಮ್ಮ ಮೌನೇಶ್ವರನ ಗುಡಿಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಅಲ್ಲಿ ಮೇಲಿನವನು ನೋಡುತ್ತಾನೆ ಅಂದರೆ ಸಾವುಕಾರನನ್ನೂ ನೋಡುತ್ತಾನೆ, ಹಮಾಲನನ್ನೂ ನೋಡುತ್ತಾನೆ ಅಂತ ಅರ್ಥ. ಗುಡಿಯಿಂದ ಹೊರಗೆ ಬಂದು ಸುರಪುರದ ರಸ್ತೆ ಹಿಡಿಯಿರಿ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಧಾಬಾ, ಪೆಟ್ರೋಲ್ ಬಂಕ್, ಮೊಬೈಲ್ ರಿಪೇರಿ ಅಂಗಡಿ, ಎಲ್ಲಾ ಕಡೆ ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ ಅನ್ನುವ ಬೋರ್ಡು. ನಾನು ಚಿಕ್ಕವನಿದ್ದಾಗ ಆ ಜಾಗದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದವು. ಈಗಲೂ ತೂಗಾಡುತ್ತವೆ, ಕ್ಯಾಮೆರಾದ ಪಕ್ಕದಲ್ಲೇ. ಎರಡನ್ನೂ ಒಂದೇ ನಂಬಿಕೆಯಿಂದ ಕಟ್ಟಿದ್ದಾರೆ ಅನ್ನೋದೇ ನನ್ನ ತಕರಾರು.

ಕ್ಯಾಮೆರಾ ಕಾಯುತ್ತದೆ ಅನ್ನುವ ನಂಬಿಕೆಯನ್ನು ಮೊದಲು ನೋಡೋಣ. 2013ರ ನವೆಂಬರ್ 19ರ ಬೆಳಗ್ಗೆ, ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಹತ್ತಿರದ ಎಟಿಎಂನಲ್ಲಿ ಒಬ್ಬ ಹೆಣ್ಣುಮಗಳ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಆತ ಒಳಗೆ ಬಂದ, ಶಟರ್ ಎಳೆದ, ಹೊಡೆದ, ಶಟರ್ ಎತ್ತಿ ಹೊರಗೆ ಹೋದ. ಕ್ಯಾಮೆರಾ ಅಷ್ಟನ್ನೂ ಚಾಚೂ ತಪ್ಪದೆ ದಾಖಲಿಸಿತು. ಆ ತಾಯಿ ಸುಮಾರು ಮೂರು ತಾಸು ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಅಷ್ಟು ಹೊತ್ತೂ ಕ್ಯಾಮೆರಾ ಚಾಲೂ ಇತ್ತು, ನೋಡುವವರು ಯಾರೂ ಇರಲಿಲ್ಲ. ದೇಶದ ಎಲ್ಲಾ ಟಿವಿಗಳಲ್ಲಿ ಆರೋಪಿಯ ಮುಖ ಓಡಾಡಿದರೂ ಅವನು ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರಲ್ಲಿ, ಶಿಕ್ಷೆಯಾಗಿದ್ದು 2021ರಲ್ಲಿ. ಗುರುತು ಹಿಡಿಯುವುದಕ್ಕೆ ಆ ವಿಡಿಯೊ ಬೇಕಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಳಗ್ಗೆ ಬೇಕಿದ್ದದ್ದು ಬಾಗಿಲಲ್ಲಿ ಒಬ್ಬ ಕಾವಲುಗಾರ. ಘಟನೆಯಾದ ಮೇಲೆ ಊರೆಲ್ಲಾ ಕೇಳಿದ್ದೂ ಅದನ್ನೇ, ಸೆಕ್ಯುರಿಟಿಯವನು ಎಲ್ಲಿದ್ದ ಅಂತ.

ಅಂಕಿ ಅಂಶ ಕೇಳುವವರಿಗೆ ಒಂದು ಮಾತು. ಸಿಸಿಟಿವಿಯ ಮೇಲೆ ನಲವತ್ತು ವರ್ಷಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಎರಿಕ್ ಪಿಜಾ ಮತ್ತು ಸಂಗಡಿಗರು 2019ರಲ್ಲಿ ಒಂದು ಲೆಕ್ಕ ಕೊಟ್ಟರು. ಕ್ಯಾಮೆರಾ ಇದ್ದಲ್ಲಿ ಅಪರಾಧ ಸುಮಾರು ಶೇ 13ರಷ್ಟು ಕಡಿಮೆ. ಹೆಚ್ಚು ಪರಿಣಾಮ ಕಂಡದ್ದು ವಾಹನ ನಿಲ್ಲಿಸುವ ಜಾಗಗಳಲ್ಲಿ. ಯಾರಾದರೂ ಕೂತು ಪರದೆ ನೋಡುತ್ತಿದ್ದರೆ ಫಲ ಜಾಸ್ತಿ, ಸುಮ್ಮನೆ ರೆಕಾರ್ಡ್ ಆಗುತ್ತಿದ್ದರೆ ಕಡಿಮೆ. ಅಂದರೆ ಕ್ಯಾಮೆರಾ ಪೂರಾ ಸುಳ್ಳಲ್ಲ, ಆದರೆ ಅದರ ಹಿಂದೆ ಮನುಷ್ಯ ಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಆ ಪರದೆ ಗಲ್ಲಾಪೆಟ್ಟಿಗೆಯ ಹಿಂದೆ, ಕ್ಯಾಲೆಂಡರ್ ಕೆಳಗೆ, ಧೂಳು ತಿನ್ನುತ್ತಾ ಕೂತಿರುತ್ತದೆ.

ಈಗ ಸ್ವಲ್ಪ ನಮ್ಮ ಕಸುಬಿನ ಲೆಕ್ಕ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೆಚ್ಚು ಜನ ಸೇರುವ ವ್ಯಾಪಾರದ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಉಳಿಸಿಡಬೇಕು ಅನ್ನುತ್ತದೆ. ಸರಿ. ನಾಲ್ಕು ಕ್ಯಾಮೆರಾದ ಒಂದು ಸೆಟ್ ತೆಗೆದುಕೊಳ್ಳಿ, ತಲಾ 2 ಮೆಗಾಪಿಕ್ಸೆಲ್. ಒಂದೊಂದು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೂ ದಿನಕ್ಕೆ 21.6 ಜಿಬಿ ಆಗುತ್ತದೆ. ನಾಲ್ಕಕ್ಕೆ 86 ಜಿಬಿ ಚಿಲ್ಲರೆ. ಪ್ಯಾಕೇಜಿನಲ್ಲಿ ಸಿಗುವ 1 ಟಿಬಿ ಹಾರ್ಡ್ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೆಯದನ್ನು ಅಳಿಸಿ ಮೇಲೆ ಬರೆಯಲು ಶುರು ಮಾಡುತ್ತದೆ. 30 ದಿನ ಬೇಕಾದರೆ 2.6 ಟಿಬಿ ಆಗಬೇಕು. ತಿಂಗಳ ಕೊನೆಗೆ ಸ್ಟಾಕ್ ತಾಳೆ ನೋಡುವ ಅಂಗಡಿಯವನಿಗೆ ಮಾಲು ಕಡಿಮೆಯಾದದ್ದು ಗೊತ್ತಾಗುವ ಹೊತ್ತಿಗೆ ಆ ದೃಶ್ಯ ಹೋಗಿ ಹತ್ತು ದಿನ ದಾಟಿರುತ್ತದೆ. ಇದನ್ನು ಕೂರಿಸುವವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ.

ಗಡಿಯಾರದ್ದು ಇನ್ನೊಂದು ಕತೆ. ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಹೊಸ ಸುದ್ದಿಯೇನಲ್ಲ. ಡಿವಿಆರ್ ಒಳಗಿನ ಸಣ್ಣ ಬ್ಯಾಟರಿ ಸತ್ತರೆ, ಇಂಟರ್ನೆಟ್ಟಿನಿಂದ ಸಮಯ ತಗೊಳ್ಳುವ ವ್ಯವಸ್ಥೆಯೂ ಇಲ್ಲದಿದ್ದರೆ, ಅದು ತನಗೆ ತಿಳಿದ ಯಾವುದೋ ಹಳೆಯ ತಾರೀಖಿನಿಂದ ಮತ್ತೆ ಎಣಿಸತೊಡಗುತ್ತದೆ. ನಿನ್ನೆ ರಾತ್ರಿಯ ಕಳವು 2000ನೇ ಇಸವಿಯ ಜನವರಿಯಲ್ಲಿ ನಡೆದಂತೆ ಪರದೆಯ ಮೇಲೆ ಕಾಣುತ್ತದೆ. ಅದನ್ನು ತಗೊಂಡು ಠಾಣೆಗೆ ಹೋದರೆ ಎದುರು ಪಕ್ಷದ ವಕೀಲನಿಗೆ ಹಬ್ಬ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ ಇರಬೇಕು. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಊರಿನ ಬಾಯಿಗೆ ಸಾಕಾದೀತು, ಕೋರ್ಟಿಗೆ ಸಾಲದು.

ಪಾಸ್‌ವರ್ಡ್ ಬಗ್ಗೆ ಉದ್ದ ಬರೆಯುವುದಿಲ್ಲ, ಓದುಗರಲ್ಲಿ ಅರ್ಧ ಮಂದಿ ನನಗಿಂತ ಚೆನ್ನಾಗಿ ಬಲ್ಲವರು. 2016ರ ಮಿರಾಯ್ ದಾಳಿ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಸೈನ್ಯ ಮಾಡಿಕೊಂಡಿತ್ತು. ಅದು ಬಳಸಿದ್ದು ಫ್ಯಾಕ್ಟರಿಯಿಂದ ಬಂದಾಗಲೇ ಇದ್ದ ಅರವತ್ತರ ಆಸುಪಾಸಿನ ಪಾಸ್‌ವರ್ಡ್‌ಗಳ ಒಂದು ಪಟ್ಟಿ, ಅಷ್ಟೇ. 2025ರ ಫೆಬ್ರುವರಿಯಲ್ಲಿ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಒಳಗಿನ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಂದವು. ಅಲ್ಲಿನ ಪಾಸ್‌ವರ್ಡ್ ಅಡ್ಮಿನ್123 ಆಗಿತ್ತು ಎಂದು ಪತ್ರಿಕೆಗಳು ಬರೆದವು. ರಕ್ಷಣೆಗೆಂದು ಹಾಕಿದ ಕಣ್ಣು ಯಾವ ಹೆಣ್ಣುಮಕ್ಕಳನ್ನು ಎಲ್ಲಿಗೆ ಒಯ್ದು ನಿಲ್ಲಿಸಿತು ನೋಡಿ. ಅದೇ ವರ್ಷದ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಹೊಸ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಯಿತು, ಒಳ್ಳೆಯದಾಯಿತು. ಆಗಲೇ ಗೋಡೆ ಹತ್ತಿ ಕೂತವುಗಳ ಗತಿ ಏನು ಅಂತ ಮಾತ್ರ ಯಾರೂ ಕೇಳುತ್ತಿಲ್ಲ.

ಇದೆಲ್ಲ ಸರಿಪಡಿಸಬಹುದಾದ ತಾಂತ್ರಿಕ ಗೊಂದಲ ಅಂತಿಟ್ಟುಕೊಳ್ಳಿ. ನನಗೆ ನಿಜಕ್ಕೂ ಚುಚ್ಚುವುದು ಬೇರೆ.

ಶಹಾಪುರ, ಸುರಪುರ ಸೀಮೆ ಹತ್ತಿಯದ್ದು, ಕಾಲುವೆ ನೀರು ಬಂದಲ್ಲಿ ಭತ್ತದ್ದು. ಹತ್ತಿ ಬಿಡಿಸಿದ ಮೇಲೆ ರೈತನ ಇಡೀ ವರ್ಷ ಒಂದು ಕಾಟಾದ ಮೇಲೆ ಬಂದು ನಿಲ್ಲುತ್ತದೆ. ತೂಕದಲ್ಲಿ ಮೋಸ ಅನ್ನುವುದು ನಮ್ಮ ಕಡೆ ಮಳೆ ಬೆಳೆಯಷ್ಟೇ ಹಳೆಯ ಮಾತು. 2024-25ರಲ್ಲಿ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,121 ರೂಪಾಯಿ ಇತ್ತು. ಕ್ವಿಂಟಲ್‌ಗೆ ಎರಡೇ ಎರಡು ಕಿಲೋ ಕಾಟಾದಲ್ಲಿ ತಿಂದರೆ, ಇಪ್ಪತ್ತು ಕ್ವಿಂಟಲ್ ತಂದ ರೈತ ನಿಂತ ಜಾಗದಲ್ಲೇ 2,800 ರೂಪಾಯಿಗೂ ಹೆಚ್ಚು ಕಳಕೊಳ್ಳುತ್ತಾನೆ. ಅಷ್ಟು ದುಡ್ಡಿಗೆ ಒಂದೆರಡು ಕ್ಯಾಮೆರಾ ಬರುತ್ತವೆ.

ಈಗ ಹತ್ತಿ ಖರೀದಿ ಮಾಡುವ ಒಂದು ಅಂಗಡಿಗೆ ಹೋಗಿ ತಲೆ ಎತ್ತಿ ನೋಡಿ. ಒಂದು ಕ್ಯಾಮೆರಾ ಬಾಗಿಲಿಗೆ. ಒಂದು ಗಲ್ಲಾಪೆಟ್ಟಿಗೆಗೆ. ಒಂದು ಗೋದಾಮಿಗೆ, ಅಂದರೆ ಹಮಾಲರ ಬೆನ್ನಿಗೆ. ಇನ್ನೊಂದು ಹೊರಗೆ ಗಾಡಿ ನಿಲ್ಲುವ ಕಡೆ. ಕಾಟಾದ ಮೇಲೆ ನೇರವಾಗಿ, ಅದರ ಅಂಕಿ ಓದುವ ಹಾಗೆ ಇಟ್ಟ ಕ್ಯಾಮೆರಾ ನಾನು ಹೋದಲ್ಲೆಲ್ಲ ಹುಡುಕಿದ್ದೇನೆ, ಸಿಕ್ಕಿಲ್ಲ. ಹೋದ ಸುಗ್ಗಿಯಲ್ಲಿ ಒಬ್ಬ ವ್ಯಾಪಾರಿಯನ್ನು ಕೇಳಿಯೇಬಿಟ್ಟೆ. ಕಾಟಾಕ್ಕೊಂದು ಕ್ಯಾಮೆರಾ ಹಾಕಿ, ರೈತರ ಕಡೆ ಮುಖ ಮಾಡಿ ಒಂದು ಟಿವಿ ಯಾಕ ಇಡಬಾರದು ಅಂದೆ. ಅವರು ಸಿಟ್ಟಾಗಲಿಲ್ಲ, ಚಹಾ ಹೇಳಿದರು. "ಹಂಗ ಮಾಡಿದ್ರ ಮಂದಿಗೆ ನಮ್ಮ ಮ್ಯಾಲ ಸುಮ್ನ ಅನುಮಾನ ಬರ್ತದ್ರೀ" ಅಂದರು. ಹೊರಗೆ ಹಮಾಲರು ಅಂಡಿಗೆ ಎತ್ತುತ್ತಿದ್ದರು, ಅವರ ತಲೆಯ ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

ಇದಕ್ಕಿಂತ ಚೆನ್ನಾಗಿ ಕಣ್ಗಾವಲಿನ ವಿಮರ್ಶೆಯನ್ನು ನಾನು ಬರೆಯಲಾರೆ. ತನ್ನ ಮೇಲೆ ಕ್ಯಾಮೆರಾ ಬಂದರೆ ಅವಮಾನ, ಇನ್ನೊಬ್ಬನ ಮೇಲೆ ಬಂದರೆ ಭದ್ರತೆ.

ಎಲ್ಲಾ ವ್ಯಾಪಾರಿಗಳೂ ಹಾಗೆ ಅಂತ ಅಲ್ಲ, ಮಾಲು ಕಳಕೊಂಡ ಅಂಗಡಿಯವನ ಸಂಕಟವೂ ನನಗೆ ಗೊತ್ತು. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳಬೇಕು ಅಂತ ನಿಯಮ ಇದೆ. ಆ ಮುದ್ರೆಯನ್ನು ಕಾಣುವ ಹಾಗೆ ಇಟ್ಟು, ಅದರ ಮೇಲೊಂದು ಕ್ಯಾಮೆರಾ ಇಟ್ಟು ನೋಡಲಿ. ಮುಂದಿನ ಸುಗ್ಗಿಗೆ ಯಾರ ಅಂಗಡಿ ಮುಂದೆ ಗಾಡಿಗಳ ಸಾಲು ನಿಲ್ಲುತ್ತದೆ ಅಂತ ಅವರೇ ಹೇಳಲಿ.

ವ್ಯಾಪಾರ ಬೆಳೆಸುವ ಮಾತು ಬಂದಿದ್ದಕ್ಕೆ ಇದು. ಅಮೆರಿಕದ 392 ರೆಸ್ಟೋರೆಂಟ್‌ಗಳಲ್ಲಿ ಕಳ್ಳತನ ಪತ್ತೆ ಮಾಡುವ ಒಂದು ತಂತ್ರಾಂಶ ಹಾಕಿದಾಗ ಏನಾಯಿತು ಅಂತ ಪಿಯರ್ಸ್, ಸ್ನೋ, ಮ್ಯಾಕಾಫಿ ಎಂಬ ಮೂವರು ಅಧ್ಯಯನ ಮಾಡಿದ್ದರು. ಕದಿಯುವುದು ಕಡಿಮೆಯಾಗಿ ಉಳಿದದ್ದು ಸಣ್ಣ ಮೊತ್ತ. ಆದರೆ ಆದಾಯ ಸುಮಾರು ಶೇ 7 ಏರಿತು, ಕೆಲಸಗಾರರು ಕೈಚಳಕ ಬಿಟ್ಟು ಗಿರಾಕಿಗಳ ಕಡೆ ಗಮನ ಕೊಟ್ಟರು. ಕಣ್ಗಾವಲಿನ ಪರವಾಗಿ ಇರುವ ಒಳ್ಳೆಯ ಸಾಕ್ಷಿ ಇದು, ಮುಚ್ಚಿಡುವುದಿಲ್ಲ. ಒಂದು ವಿಷಯ ಮಾತ್ರ ಗಮನಿಸಿ. ಆ ತಂತ್ರಾಂಶ ನೋಡಿದ್ದು ಬಿಲ್ಲುಗಳನ್ನು, ಮುಖಗಳನ್ನಲ್ಲ. ವಹಿವಾಟಿನ ಮೇಲೆ ಕಣ್ಣಿಟ್ಟಿತು. ಫ್ರಾನ್ಸಿನಲ್ಲಿ ಅಮೆಜಾನ್‌ನ ಗೋದಾಮು ಕಂಪನಿಯಾದರೋ ಮನುಷ್ಯರ ಮೇಲೆ ಕಣ್ಣಿಟ್ಟಿತು, ಸ್ಕ್ಯಾನರ್ ಎಷ್ಟು ನಿಮಿಷ ಸುಮ್ಮನಿತ್ತು ಅನ್ನುವುದನ್ನೂ ಲೆಕ್ಕ ಇಟ್ಟಿತು. 2024ರ ಜನವರಿಯಲ್ಲಿ ಅಲ್ಲಿನ ದತ್ತಾಂಶ ಪ್ರಾಧಿಕಾರ 3.2 ಕೋಟಿ ಯೂರೊ ದಂಡ ಘೋಷಿಸಿತು. ಆ ಆದೇಶದಲ್ಲಿ ಒಂದು ಸಣ್ಣ ತಕರಾರೂ ಇತ್ತು, ಕ್ಯಾಮೆರಾ ವ್ಯವಸ್ಥೆಯ ಪಾಸ್‌ವರ್ಡ್ ಗಟ್ಟಿಯಿಲ್ಲ, ಒಂದೇ ಅಕೌಂಟನ್ನು ಹಲವರು ಬಳಸುತ್ತಾರೆ ಅಂತ. ಸುರಪುರದ ಅಂಗಡಿಗಳು ಈ ವಿಷಯದಲ್ಲಿ ಅಮೆಜಾನ್‌ಗೇನೂ ಕಡಿಮೆಯಿಲ್ಲ.

ಇನ್ನು ನಮ್ಮಂಥವರ ಕತೆ. ಬೆಂಗಳೂರಲ್ಲಿ ಕೂತು ಊರಿನ ಅಂಗಡಿಯನ್ನು ಮೊಬೈಲಿನಲ್ಲಿ ನೋಡುವ ಮಕ್ಕಳು ಈಗ ಬಹಳ ಆಗಿದ್ದಾರೆ. ನನ್ನ ಗೆಳೆಯನೊಬ್ಬ ಹಾಗೆಯೇ ಅಪ್ಪನ ಕಿರಾಣಿ ಅಂಗಡಿಗೆ ಮೂರು ಕ್ಯಾಮೆರಾ ಹಾಕಿಸಿದ. ಅಪ್ಪನಿಗೆ ವಯಸ್ಸಾಗಿದೆ, ಯಾರಾದರೂ ಮೋಸ ಮಾಡಿದರೆ ಅನ್ನುವ ಕಾಳಜಿ, ಖರೆ ಕಾಳಜಿಯೇ. ಎರಡನೇ ವಾರಕ್ಕೆ ಮೀಟಿಂಗ್ ನಡುವೆ ಆ್ಯಪ್ ತೆರೆದು ನೋಡುತ್ತಾನೆ, ಒಬ್ಬ ಹೆಣ್ಣುಮಗಳು ಐದು ಕಿಲೋ ಅಕ್ಕಿ, ಒಳ್ಳೆಣ್ಣಿ ತಗೊಂಡು ದುಡ್ಡು ಕೊಡದೆ ನಡೆದಳು. ಕೂಡಲೇ ಫೋನು. "ಅಪ್ಪಾ, ಆಕಿ ರೊಕ್ಕ ಕೊಟ್ಟಿಲ್ಲ ನೋಡು." ಅಪ್ಪ ಉದ್ರಿ ಅಂದರು. ಮರುದಿನ ಮತ್ತೆ ಫೋನು, ಮತ್ತೆ ಉದ್ರಿ. ನಾಲ್ಕನೇ ಫೋನಿಗೆ ಅವರು ಹೇಳಿದ್ದು ಇಷ್ಟು: "ತಮ್ಮಾ, ನನಗ ಪಗಾರ ಕೊಟ್ಟು ಇಟ್ಟಿಯೇನು ನೀ?"

ಕ್ಯಾಮೆರಾ ಕಂಡದ್ದು ಸುಳ್ಳಲ್ಲ. ಅಕ್ಕಿ ಹೋಯಿತು, ದುಡ್ಡು ಬರಲಿಲ್ಲ. ಆದರೆ ಆಕೆಯ ಗಂಡ ದುಡಿಯಲು ಪುಣೆಗೆ ಹೋಗಿದ್ದಾನೆ, ದುಡ್ಡು ಕಳಿಸಿದ ಕೂಡಲೇ ಲೆಕ್ಕ ಚುಕ್ತಾ ಮಾಡುತ್ತಾಳೆ, ಹನ್ನೆರಡು ವರ್ಷದಿಂದ ಹಾಗೇ ನಡೆದಿದೆ ಅನ್ನುವುದು ಗಲ್ಲಾಪೆಟ್ಟಿಗೆಯ ಕೆಳಗಿನ ಉದ್ದನೆಯ ವಹಿಯಲ್ಲಿದೆ. ಹೈದರಾಬಾದ್, ಪುಣೆ, ಬೆಂಗಳೂರು ಅಂತ ಗುಳೆ ಹೋಗುವ ನಮ್ಮ ಸೀಮೆಯಲ್ಲಿ ಅಂಗಡಿ ನಡೆಯುವುದೇ ಆ ವಹಿಯ ಮೇಲೆ. ಅದನ್ನು ಓದಲು ಬಾರದ ಕಣ್ಣಿಗೆ ಉದ್ರಿಯೂ ಕಳವೂ ಒಂದೇ ಥರ ಕಾಣುತ್ತವೆ. ಈಗ ಗಲ್ಲಾಪೆಟ್ಟಿಗೆಯ ಕ್ಯಾಮೆರಾದ ಮೇಲೆ ಆ ಹಿರಿಯರು ತಮ್ಮ ಟವೆಲ್ ಹಾಕುತ್ತಾರೆ. ಒಣಗಲಿ ಅಂತ, ಅವರ ಪ್ರಕಾರ. ಹಿಂದಿನ ಬಾಗಿಲಿನ ಕ್ಯಾಮೆರಾ ಮಾತ್ರ ತೆಗೆಯಲು ಬಿಟ್ಟಿಲ್ಲ, ರಾತ್ರಿ ಅದರಿಂದ ಧೈರ್ಯ ಅಂತಾರೆ. ನನ್ನ ಮಟ್ಟಿಗೆ ಇಡೀ ತಾಲ್ಲೂಕಿನಲ್ಲಿ ಸಿಸಿಟಿವಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಅವರೇ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣ ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನದ್ದು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೇಲೆ ನಿಗಾ ತಂತ್ರಾಂಶ ಬಂದಾಗ ನಾವೆಲ್ಲ ಆ ತೀರ್ಪನ್ನು ನೆನೆಯುತ್ತೇವೆ, ಮೌಸ್ ಅಲ್ಲಾಡಿಸುವ ಯಂತ್ರ ತರಿಸುತ್ತೇವೆ. ಸಂಜೆ ಅದೇ ಕೈಯಲ್ಲಿ ಆ್ಯಪ್ ತೆರೆದು ಊರಿನ ಅಂಗಡಿಯ ಹುಡುಗ ಎಷ್ಟು ಹೊತ್ತು ಚಹಾಕ್ಕೆ ಹೋದ ಅಂತ ನೋಡುತ್ತೇವೆ.

ಈ ಸಲ ಊರಿಗೆ ಹೋದಾಗ ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಒಂದು ತಾಸು ಬಿಡುವು ಮಾಡಿಕೊಳ್ಳಿ. ಹದಿನೈದು ದಿನದ ಹಿಂದಿನ ದೃಶ್ಯ ತೆಗೆದು ತೋರಿಸು ಅಂತ ಕೂರಿಸಿದವನಿಗೆ ಹೇಳಿ. ಪರದೆಯ ಗಡಿಯಾರವನ್ನು ಕೈಗಡಿಯಾರದ ಜೊತೆ ತಾಳೆ ನೋಡಿ. ಪಾಸ್‌ವರ್ಡ್ ಅವನ ಬಳಿಯೂ ಇದ್ದರೆ ಅವನ ಎದುರಿಗೇ ಬದಲಿಸಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಕೆಲಸದ ಹುಡುಗನಿಗೆ ಯಾವ ಕ್ಯಾಮೆರಾ ಎಲ್ಲಿಯವರೆಗೆ ಕಾಣುತ್ತದೆ ಅಂತ ಪರದೆಯ ಮುಂದೆ ಕೂರಿಸಿ ತೋರಿಸಿ. ಆಮೇಲೆ ಏಣಿ ಹತ್ತಿ ಒಂದು ಕ್ಯಾಮೆರಾವನ್ನು ತಕ್ಕಡಿಯ ಕಡೆ ತಿರುಗಿಸಿ. ಎರಡು ಸ್ಕ್ರೂ ಸಡಿಲ ಮಾಡಿದರೆ ಸಾಕು, ಹೊಸ ವೈರು ಬೇಕಾಗಿಲ್ಲ.