ಕವಡೆಗೇನು ಗೊತ್ತು?

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಮೊಮ್ಮಗಳು ತನ್ನ ಫೋನಿನಲ್ಲಿ ಚೌಕಾಬಾರ ಆಡುತ್ತಿದ್ದಳು. ಎದುರಾಳಿಯೂ ಫೋನೇ, ಕವಡೆ ಹಾಕುವುದೂ ಫೋನೇ. ಬೆರಳಿನಿಂದ ಒಮ್ಮೆ ಮುಟ್ಟಿದರೆ ಚಿತ್ರದ ಕವಡೆಗಳು ನಾಲ್ಕು ಉರುಳಿ, ಅಂಗಾತವೋ ಬೋರಲೋ ಆಗಿ ನಿಲ್ಲುತ್ತವೆ. ಮನೆ ಸೇರಬೇಕಾಗಿದ್ದ ಅವಳ ಕಾಯಿಯನ್ನು ಆ ಯಂತ್ರ ಮೂರನೆಯ ಸಲ ಕಡಿದಾಗ ಅವಳಿಗೆ ಸಂಶಯ ಬಂತು. “ತಾತ, ಇದು ನಿಜವಾಗಲೂ ಕವಡೆ ಹಾಕುತ್ತೋ, ಇಲ್ಲ, ಏನು ಬೀಳಬೇಕು ಅಂತ ಇದಕ್ಕೆ ಮೊದಲೇ ಗೊತ್ತಿರುತ್ತೋ?” ಎಂದು ಕೇಳಿದಳು.

ಸಾಹಿತ್ಯದ ಪಾಠ ಹೇಳಿ ಮುದುಕನಾದವನು ನಾನು. ಯಂತ್ರದ ವಿಚಾರ ನನಗೆ ಅಷ್ಟಕ್ಕಷ್ಟೆ. ಆದರೆ ಈ ಪ್ರಶ್ನೆ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಹಸ್ತಿನಾವತಿಯ ಸಭೆಯಲ್ಲಿ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದು. ನನ್ನ ಸೋದರತ್ತೆ ಬದುಕೆಲ್ಲಾ ಕೇಳಿಕೊಂಡ ಪ್ರಶ್ನೆಯೂ ಅದೇ. ಅಂದಿನಿಂದ ಹಳೆಯ ಕಾವ್ಯಗಳನ್ನು ಮತ್ತೆ ತೆಗೆದು ಓದುತ್ತಿದ್ದೇನೆ. ಓದಿದಾಗ ತೋರಿದ್ದನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಚಾಮರಾಜನಗರದ ಬಳಿಯ ಕುದೇರು ನನ್ನ ಬಾಲ್ಯದ ಊರು. ಅತ್ತೆಯ ಮನೆಯ ಜಗುಲಿಯ ಕಲ್ಲಿನ ಮೇಲೆ ಇದ್ದಿಲಿನಲ್ಲಿ ಬರೆದ ಇಪ್ಪತ್ತೈದು ಮನೆಗಳ ಚೌಕಾಬಾರದ ಪಟ ಮಳೆಗೆ ಅಳಿಸಿಹೋದರೆ ಮಾರನೆಯ ದಿನವೇ ಹೊಸದಾಗಿ ಬರೆಯುತ್ತಿದ್ದರು. ಆಟದ ಹುಚ್ಚು ನಮ್ಮ ಸೀಮೆಗೆ ಹೊಸತಲ್ಲ. ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ತಮ್ಮ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟವರು. ಅತ್ತೆಗೆ ಆ ಗ್ರಂಥದ ಹೆಸರು ಗೊತ್ತಿರಲಿಲ್ಲ. ಆಟ ಗೊತ್ತಿತ್ತು. ಸೋತ ಹುಡುಗರು ಕವಡೆಯನ್ನು ಬೈದರೆ ಅವಳಿಗೆ ಸಿಟ್ಟು ಬರುತ್ತಿತ್ತು. “ಕವಡೆಗೇನು ಗೊತ್ತು ಕಣ್ರಪ್ಪ? ಬಿದ್ದದ್ದು ಬಿತ್ತು. ನಿನ್ನ ಕಾಯಿ ನೋಡಿಕೊಂಡು ನಡೆಸು” ಎನ್ನುತ್ತಿದ್ದಳು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೊದಲು ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಗಣಕಯಂತ್ರ ಲೆಕ್ಕ ಬಿಟ್ಟು ಬೇರೇನೂ ಬಾರದ ಪ್ರಾಣಿ. ಅದರಿಂದ ಕವಡೆ ಹಾಕಿಸಬೇಕಾದರೂ ಲೆಕ್ಕದಿಂದಲೇ ಹಾಕಿಸಬೇಕು. ಜಾನ್ ಫಾನ್ ನಾಯ್‌ಮನ್ ಎಂಬ ಗಣಿತಜ್ಞ ಆ ಕಾಲದಲ್ಲಿ ಹೇಳಿದ ಒಂದು ಉಪಾಯವನ್ನು ಕಾಗದ ಪೆನ್ಸಿಲು ಹಿಡಿದು ಯಾರು ಬೇಕಾದರೂ ಮಾಡಿನೋಡಬಹುದು. ೧೨೩೪ ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ೧೫೨೨೭೫೬ ಬರುತ್ತದೆ. ಎಂಟು ಅಂಕಿಯಾಗಲೆಂದು ಮುಂದೊಂದು ಸೊನ್ನೆ ಸೇರಿಸಿ ನಡುವಿನ ನಾಲ್ಕು ಅಂಕಿಗಳನ್ನು ತೆಗೆದುಕೊಂಡರೆ ೫೨೨೭. ಅದನ್ನೂ ಹಾಗೆಯೇ ಗುಣಿಸಿದರೆ ೩೨೧೫, ಆಮೇಲೆ ೩೩೬೨. ನೋಡಿದವರಿಗೆ ಇದರಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಆದರೆ ಮೊದಲ ಸಂಖ್ಯೆಯನ್ನು ಬಲ್ಲವನಿಗೆ ಮುಂದಿನದೆಲ್ಲವೂ ಕರತಲಾಮಲಕ. ಆ ಮೊದಲ ಸಂಖ್ಯೆಗೆ ಯಂತ್ರದವರು ಬೀಜವೆಂದೇ ಹೆಸರಿಟ್ಟಿದ್ದಾರೆ. ಬೀಜ ಕೆಟ್ಟದಾದರೆ ಆಟವೂ ಕೆಡುತ್ತದೆ: ೨೫೦೦ರಿಂದ ಹೊರಟರೆ ನಡುವಿನ ಅಂಕಿಗಳು ಮತ್ತೆ ೨೫೦೦, ಎಷ್ಟು ಸಲ ಹಾಕಿದರೂ ಅದೇ ಗರ. ಅಂಕಗಣಿತದಿಂದ ಯದೃಚ್ಛೆಯನ್ನು ಹುಟ್ಟಿಸಹೊರಟವನು ಪಾಪಿಯೆಂದು ಆತನೇ ೧೯೫೧ರಲ್ಲಿ ತಮಾಷೆಯಾಗಿ ಹೇಳಿಕೊಂಡಿದ್ದಾನೆ. ಇಂದಿನ ಯಂತ್ರಗಳ ಲೆಕ್ಕ ಇದಕ್ಕಿಂತ ಎಷ್ಟೋ ಜಾಣತನದ್ದು. ಗುಟ್ಟು ಕಾಪಾಡಬೇಕಾದ ಕಡೆ ಅವು ತಮ್ಮೊಳಗಿನ ವಿದ್ಯುತ್ತಿನ ಗದ್ದಲದಿಂದ ಬೀಜವನ್ನು ಆರಿಸಿಕೊಳ್ಳುತ್ತವೆ. ಆದರೂ ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಉರುಳುವುದು ಲೆಕ್ಕದ ಕವಡೆಯೇ. ಏನು ಬೀಳುತ್ತದೆಂಬುದು ಬೀಜದಲ್ಲಿಯೇ ತೀರ್ಮಾನವಾಗಿರುತ್ತದೆ.

ಇಲ್ಲಿಗೆ ಬಂದಾಗ ನನಗೆ ನಳನ ಕಥೆ ನೆನಪಾಯಿತು. ಕನ್ನಡಿಗರಿಗೆ ಅದು ಕನಕದಾಸರ ‘ನಳಚರಿತ್ರೆ’ಯಿಂದ ಪರಿಚಿತ, ಮೂಲ ವ್ಯಾಸಭಾರತದ ವನಪರ್ವದಲ್ಲಿದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ ವಿದರ್ಭಕ್ಕೆ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲಿ ಒಂದು ತಾರೆಯ ಮರ. ಓಡುವ ರಥದಿಂದಲೇ ಋತುಪರ್ಣ ಅದರ ಎಲೆಯೆಷ್ಟು, ಕಾಯಿಯೆಷ್ಟು ಎಂದು ಹೇಳಿಬಿಡುತ್ತಾನೆ. ನಳ ನಂಬದೆ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿದೆ. ಸಂಖ್ಯೆಯನ್ನು ಬಲ್ಲ ಅರಸನಿಗೆ ಅಕ್ಷಹೃದಯವೂ ಗೊತ್ತು, ಎಂದರೆ ದಾಳದ ಹೃದಯ. ಅಶ್ವಹೃದಯವನ್ನು ಕೊಟ್ಟು ನಳ ಆ ವಿದ್ಯೆಯನ್ನು ಪಡೆಯುತ್ತಾನೆ, ಮುಂದೆ ಪುಷ್ಕರನಿಂದ ಒಂದೇ ಪಣದಲ್ಲಿ ಎಲ್ಲವನ್ನೂ ಗೆದ್ದುಕೊಳ್ಳುತ್ತಾನೆ. ಆ ಕಾಲದ ದಾಳವೆಂದರೆ ಇದೇ ತಾರೆಯ ಮರದ ಬೀಜ! ಇಯಾನ್ ಹ್ಯಾಕಿಂಗ್ ೧೯೭೫ರಲ್ಲಿ ಬರೆದ ಸಂಭವನೀಯತೆಯ ಚರಿತ್ರೆಯಲ್ಲಿ ಈ ಪ್ರಸಂಗವನ್ನು ವಿಶೇಷವಾಗಿ ಗಮನಿಸಿದ್ದಾನೆ. ನಮ್ಮಲ್ಲಿ ಇದನ್ನು ದಮಯಂತಿಯ ಪುನಸ್ಸಮಾಗಮಕ್ಕೆ ಹೋಗುವ ದಾರಿಯ ಒಂದು ತಂಗುದಾಣವೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ನಾನೂ ಹಾಗೆಯೇ ಪಾಠ ಹೇಳಿದವನು.

ಈಗ ಓದಿದಾಗ ಒಂದು ಸಂಗತಿ ಹೊಳೆಯಿತು. ನಳ ಸೋತದ್ದು ಏತಕ್ಕೆ? ಕಲಿ ಅವನ ಮೈಯನ್ನು ಹೊಕ್ಕಿದ್ದ, ದ್ವಾಪರ ದಾಳವನ್ನು ಹೊಕ್ಕಿದ್ದ. ಗೆದ್ದದ್ದು ಏತಕ್ಕೆ? ಅಕ್ಷಹೃದಯ ದೊರಕಿತ್ತು. ಧರ್ಮರಾಯ ಸೋತದ್ದು? ಶಕುನಿಯ ಕಪಟ. ಸರಿಯಾದ ದಾಳವಾದರೆ, ಸರಿಬೆಸದಂತೆ ಸಮಸಮ ಅವಕಾಶವಿರುವ ಆಟದಲ್ಲಿ, ಒಬ್ಬನೇ ಸತತ ಹತ್ತು ಸಲ ಗೆಲ್ಲುವ ಸಂಭವ ೧೦೨೪ರಲ್ಲಿ ಒಂದು. ಶಕುನಿ ಗೆದ್ದದ್ದು ಅದಕ್ಕಿಂತ ಹೆಚ್ಚು ಸಲ. ವ್ಯಾಸರಲ್ಲಿಲ್ಲದ ಒಂದು ಕಥೆಯನ್ನೂ ಜನ ಕಟ್ಟಿದರು: ಆ ದಾಳ ಶಕುನಿಯ ತಂದೆಯ ಎಲುಬಿನದಂತೆ, ಮಗ ಹೇಳಿದಂತೆ ಬೀಳುತ್ತಿತ್ತಂತೆ. ಒಟ್ಟಿನಲ್ಲಿ, ನಮ್ಮ ಕಾವ್ಯದ ದಾಳ ಎಂದೂ ಸುಮ್ಮನೆ ಬಿದ್ದದ್ದಲ್ಲ. ಅದರೊಳಗೆ ದೇವರೋ ದೆವ್ವವೋ ಮೋಸವೋ ವಿದ್ಯೆಯೋ, ಯಾರಾದರೊಬ್ಬರು ಕುಳಿತಿರಲೇಬೇಕು.

ಯದೃಚ್ಛೆಯೆಂಬ ಕಲ್ಪನೆ ನಮ್ಮವರಿಗೆ ತಿಳಿಯದೆಂದಲ್ಲ. ಶ್ವೇತಾಶ್ವತರೋಪನಿಷತ್ತು ಜಗತ್ತಿಗೆ ಕಾರಣ ಯಾವುದೆಂದು ವಿಚಾರ ಮಾಡುತ್ತ ಕಾಲ, ಸ್ವಭಾವ, ನಿಯತಿಗಳ ಜೊತೆಯಲ್ಲಿ ಯದೃಚ್ಛೆಯನ್ನೂ ಹೆಸರಿಸುತ್ತದೆ. ಹೆಸರಿಸಿ, ಬದಿಗಿಡುತ್ತದೆ. ಕವಿಗಳು ಹೆಸರಿಸುವ ಗೋಜಿಗೂ ಹೋಗಲಿಲ್ಲವೆಂದು ನನಗೆ ತೋರುತ್ತದೆ.

ಕವಿಗಳನ್ನು ಮಾತ್ರ ಆಕ್ಷೇಪಿಸುವುದು ನ್ಯಾಯವಲ್ಲ. ಮನುಷ್ಯನ ಮನಸ್ಸೇ ಹಾಗೆ. ನಾಣ್ಯ ಚಿಮ್ಮದೆ, ನೂರು ಸಲ ಚಿಮ್ಮಿದಂತೆ ಊಹಿಸಿ ತಲೆ, ಹೂವು ಎಂದು ಬರೆಯಿರೆಂದರೆ ನಾವು ಬಹಳ ನ್ಯಾಯವಂತರಾಗಿಬಿಡುತ್ತೇವೆ. ನಾಲ್ಕು ತಲೆ ಬಂದ ಕೂಡಲೆ ಕೈ ತಾನಾಗಿ ಹೂವಿಗೆ ಹೋಗುತ್ತದೆ. ನಿಜವಾಗಿ ನೂರು ಸಲ ಚಿಮ್ಮಿದರೆ ಒಂದೇ ಮುಖ ಒಂದೇ ಸಮನೆ ಆರು ಸಲ ಬೀಳುವುದು ಸಾಮಾನ್ಯ, ಬೀಳದಿರುವುದೇ ಅಪರೂಪ. ಕ್ರಮಗೆಡಲು ನಮಗೆ ಬಾರದು. ಹೂವಿನ ಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿ ಲೋಕಪ್ರಸಿದ್ಧರಾದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಈ ಆಕಸ್ಮಿಕವನ್ನು ಪಳಗಿಸಿ ದುಡಿಸಿಕೊಳ್ಳುವ ವಿದ್ಯೆಯಲ್ಲಿಯೇ ಬಾಳಿದವರು. ನಮ್ಮ ಮನಸ್ಸನ್ನು ನಂಬುವ ಹಾಗಿದ್ದರೆ ಆ ವಿದ್ಯೆಯೇ ಬೇಕಾಗಿರಲಿಲ್ಲ.

ಹಾಗಾದರೆ, ಯಾರೂ ಒಳಗೆ ಕುಳಿತಿರದ ದಾಳವೊಂದು ಲೋಕದಲ್ಲಿ ಎಲ್ಲಿಯೂ ಇಲ್ಲವೆ?

ಇದೆಯೆಂದು ಹೇಳಿದವನೊಬ್ಬ ನಮ್ಮ ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಇದ್ದ. ೧೯೨೬ರಲ್ಲಿ ಮ್ಯಾಕ್ಸ್ ಬಾರ್ನ್, ಪರಮಾಣುವಿನ ಲೋಕದಲ್ಲಿ ಇಂಥದೇ ನಡೆಯುತ್ತದೆಂದು ಹೇಳಲಾಗದು, ಇಷ್ಟು ಸಂಭವವೆಂದು ಮಾತ್ರ ಹೇಳಬಹುದು ಎಂದು ತೋರಿಸಿದ. ದೇವರು ದಾಳ ಉರುಳಿಸುತ್ತಾನೆಂದು ತನಗೆ ನಂಬಿಕೆಯಿಲ್ಲವೆಂಬ ಐನ್‌ಸ್ಟೈನನ ಮಾತು ಮೊದಲು ಬಂದದ್ದು ಅದೇ ವರ್ಷ ಬಾರ್ನನಿಗೆ ಬರೆದ ಕಾಗದದಲ್ಲಿ. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಬಾರ್ನನನ್ನು ಸಿ. ವಿ. ರಾಮನ್ನರು ಕರೆಸಿಕೊಂಡರು. ೧೯೩೫-೩೬ರಲ್ಲಿ ಅವನು ಇಲ್ಲಿನ ವಿಜ್ಞಾನ ಸಂಸ್ಥೆಯಲ್ಲಿದ್ದ. ಕಾಯಂ ಹುದ್ದೆ ದೊರೆಯಲಿಲ್ಲ, ಎಡಿನ್‌ಬರೋಗೆ ಹೋದ. ೧೯೫೪ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಐನ್‌ಸ್ಟೈನನ ಆಕ್ಷೇಪವನ್ನು ಪ್ರಯೋಗದಿಂದ ಪರೀಕ್ಷಿಸುವ ಮಾರ್ಗವನ್ನು ಜಾನ್ ಬೆಲ್ ೧೯೬೪ರಲ್ಲಿ ತೋರಿಸಿದ. ಆ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಜೈಲಿಂಗರ್ ಎಂಬ ಮೂವರಿಗೆ ೨೦೨೨ರಲ್ಲಿ ನೊಬೆಲ್ ಬಹುಮಾನ ಸಂದಿತು. ಫಲ ಬಾರ್ನನ ಕಡೆಗೇ. ಅದನ್ನು ಒಪ್ಪದೆ, ಒಳಗೆ ಬೀಜವಿದೆಯೆಂದು ಹಟ ಹಿಡಿಯುವವರು ಎಲ್ಲಿಯೋ ದೂರದಲ್ಲಿರುವ ವಸ್ತು ಆ ಕ್ಷಣವೇ ಇಲ್ಲಿರುವುದನ್ನು ಅಲುಗಿಸುತ್ತದೆಂಬಂಥ ದೊಡ್ಡ ಬೆಲೆ ತೆರಬೇಕಾಗುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉರ್ಬಸಿ ಸಿನ್ಹಾ ಅವರ ತಂಡ ಬೆಳಕಿನ ಕಣಗಳಿಂದಲೇ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆದು, ಅವು ಖೋಟಾ ಅಲ್ಲವೆಂದು ಪ್ರಯೋಗದ ಪ್ರಮಾಣವನ್ನೂ ಒದಗಿಸಿದ ಸಂಗತಿ ೨೦೨೪ರಲ್ಲಿ ಪ್ರಕಟವಾಗಿದೆ.

ಇದನ್ನೆಲ್ಲ ಓದಿ ನನಗೆ ಆದ ಸಮಾಧಾನ ಎರಡು ದಿನವೂ ಉಳಿಯಲಿಲ್ಲ. ಏಕೆಂದರೆ ನನಗೆ ಬೇಕಾಗಿದ್ದದ್ದು ಪರಮಾಣುವಿನ ವಿಚಾರವಲ್ಲ. ಅತ್ತೆಯ ಒಬ್ಬನೇ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಹಸುವಿಗೆ ಹುಲ್ಲು ತರಲು ಹೋದವನು ಬದುವಿನ ಮೇಲೆ ಹಾವು ಕಚ್ಚಿ ತೀರಿಕೊಂಡ. ಊರಿನವರು ಕೆಟ್ಟವರಲ್ಲ. ಆದರೆ ಬಂದವರೆಲ್ಲ ಕಾರಣ ಹುಡುಕಿದರು. ಯಾವ ಜನ್ಮದ್ದೋ, ಯಾವ ಹರಕೆ ಮರೆತದ್ದೋ ಎಂದರು. ಅತ್ತೆ ದೇವಸ್ಥಾನಕ್ಕೆ ಹೋಗಿ ಹೂ ಕೇಳಿದಳು. ಬಲಗಡೆಯ ಹೂ ಬಿದ್ದರೆ ಒಂದು ಅರ್ಥ, ಎಡಗಡೆಯದು ಬಿದ್ದರೆ ಇನ್ನೊಂದು. ಒದ್ದೆ ಹೂವು ಒಣಗಿದಾಗ ಎಲ್ಲಿಯಾದರೂ ಬೀಳಲೇಬೇಕು, ಬಿತ್ತು. “ಎಡಕ್ಕೆ ಬಿತ್ತಲ್ಲಪ್ಪ, ನಾನು ಏನು ಮಾಡಿದ್ದೆ?” ಎಂದು ನನ್ನನ್ನು ಕೇಳಿದಳು. ನನಗಾಗ ಹನ್ನೊಂದು ವರ್ಷ. ಕವಡೆಗೇನು ಗೊತ್ತು ಎನ್ನುತ್ತಿದ್ದವಳು ಅವಳೇ ಎಂದು ಹೇಳುವ ಬುದ್ಧಿ ನನಗೆ ಬರಲಿಲ್ಲ. ಬಂದಿದ್ದರೂ ಹೇಳುವ ಧೈರ್ಯವಿರುತ್ತಿರಲಿಲ್ಲ.

ಆ ಹಾವು ಪರಮಾಣುವಲ್ಲ. ಅದು ಬದುವಿಗೆ ಬಂದದ್ದಕ್ಕೆ ಕಾರಣವಿತ್ತು: ಇಲಿ, ಬಿಸಿಲು, ಬಿಲದಲ್ಲಿ ನೀರು. ಹುಡುಗ ಅಲ್ಲಿಗೆ ಹೋದದ್ದಕ್ಕೂ ಕಾರಣವಿತ್ತು, ಹಸು. ಆದರೆ ಎರಡೂ ಒಂದೇ ಗಳಿಗೆಯಲ್ಲಿ ಒಂದೇ ಕಡೆ ಸೇರಿದ್ದಕ್ಕೆ? ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆಯ ಮಾತಿದೆ, ಕಾಕತಾಳೀಯ. ಕಾಗೆ ಕೂರುವುದಕ್ಕೆ ಕಾರಣವಿದೆ, ತಾಳೆಯ ಹಣ್ಣು ಬೀಳುವುದಕ್ಕೂ ಕಾರಣವಿದೆ; ಅವೆರಡೂ ಕೂಡಿದ್ದಕ್ಕೆ ಉದ್ದೇಶವಿಲ್ಲ. ಬಾರ್ನನ ದಾಳ ಸುಳ್ಳಾಗಿ ಐನ್‌ಸ್ಟೈನನೇ ಗೆದ್ದರೂ ಈ ಮಾತಿಗೆ ಕುಂದಿಲ್ಲ. ಇಷ್ಟು ಬೆಲೆಯುಳ್ಳ ಮಾತನ್ನು ನಾವು ಹರಟೆಗೆ ಬಳಸಿಕೊಂಡು ಸಾವಿನ ಮನೆಗೆ ತರುವುದನ್ನು ಮರೆತಿದ್ದೇವೆ.

ಈಗ ರಾಘವಾಂಕನ ಮಾತಿಗೆ ಬರುತ್ತೇನೆ. ‘ಹರಿಶ್ಚಂದ್ರ ಕಾವ್ಯ’ ಕನ್ನಡದ ದೊಡ್ಡ ಕೃತಿಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಮಗನ ಹೆಣದ ಮುಂದೆ ಚಂದ್ರಮತಿ ಅಳುವ ಭಾಗಕ್ಕೆ ಸಮನಾದದ್ದು ನಮ್ಮಲ್ಲಿ ಹೆಚ್ಚಿಲ್ಲ. ಸಮಿತ್ತು ದರ್ಭೆ ತರಲು ಹೋದ ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಆದರೆ ಕಥೆಯ ಬುಡದಲ್ಲಿರುವುದು ಇಂದ್ರನ ಓಲಗದಲ್ಲಿ ವಸಿಷ್ಠ ವಿಶ್ವಾಮಿತ್ರರು ಕಟ್ಟಿದ ಪಂತ. ಆದ್ದರಿಂದ ಆ ಹಾವು ಸುಮ್ಮನೆ ಕಚ್ಚಿದ ಹಾವಲ್ಲ, ಪರೀಕ್ಷೆಯ ಒಂದು ಪ್ರಶ್ನೆ. ಪರೀಕ್ಷೆ ಮುಗಿದ ಮೇಲೆ ಹುಡುಗ ಎದ್ದು ಕೂರುತ್ತಾನೆ. ಚಂದ್ರಮತಿಯ ಅಳು ನಮ್ಮ ಊರಿನ ತಾಯಂದಿರ ಅಳು. ಅವಳಿಗೆ ಸಿಕ್ಕಿದ ಉತ್ತರ ಮಾತ್ರ ಅವರಾರಿಗೂ ಸಿಕ್ಕುವಂಥದಲ್ಲ. ಕಾವ್ಯದ ನಿಜವಾದ ಶಕ್ತಿಯೆಲ್ಲ ಅಳುವಿನಲ್ಲಿದೆ. ಕೊನೆಯಲ್ಲಿ ಬರುವ ವಿಶ್ವನಾಥನ ಕೃಪೆಯಲ್ಲಿ ಭಕ್ತಿಯಿದೆ, ಆದರೆ ಶ್ಮಶಾನದ ಪದ್ಯಗಳ ಬಿಸಿ ಇಲ್ಲ. ರಾಘವಾಂಕನಂಥ ಕವಿಗೆ ಇದು ತಿಳಿಯದೆ ಹೋಗಿರಲಾರದು.

ಇದಕ್ಕೆ ಪ್ರತಿಯಾಗಿ ಒಂದು ಮಾತು ಹೇಳಬಹುದು. ಕಾರ್ಯಕಾರಣವನ್ನೆಲ್ಲ ತೆಗೆದುಹಾಕಿದರೆ ಕಥೆಯೇ ಉಳಿಯುವುದಿಲ್ಲವಲ್ಲ? ನಿಜ. ಅಮೆರಿಕದ ರ‍್ಯಾಂಡ್ ಸಂಸ್ಥೆ ೧೯೫೫ರಲ್ಲಿ ಹತ್ತು ಲಕ್ಷ ಯಾದೃಚ್ಛಿಕ ಅಂಕಿಗಳ ಪುಸ್ತಕವೊಂದನ್ನು ಅಚ್ಚುಹಾಕಿಸಿತು. ವಿದ್ಯುತ್ ಯಂತ್ರದಿಂದ ಬಂದ ಆ ಅಂಕಿಗಳಲ್ಲಿಯೂ ಒಲವು ಕಂಡು ಮತ್ತೊಮ್ಮೆ ಕಲಸಬೇಕಾಯಿತಂತೆ. ಅದನ್ನು ವಿಮರ್ಶೆಗೆಂದು ನನಗೆ ಕಳುಹಿಸಿದರೆ ನಾನು ಹಿಂದಿರುಗಿಸುತ್ತೇನೆ. ನಾನು ಬೇಡುತ್ತಿರುವುದು ಅಂಥ ಕಾವ್ಯವನ್ನಲ್ಲ. ಹಾವಿಗೊಂದು ಕಾರಣ, ಹುಡುಗನಿಗೊಂದು ಕಾರಣ ಕೊಟ್ಟು, ಎರಡೂ ಕೂಡಿದ ಕಡೆ ಕೈಕಟ್ಟಿ ನಿಲ್ಲಬಲ್ಲ ಕವಿ ನಮ್ಮ ಹಳಬರಲ್ಲಿ ಏಕೆ ಇಷ್ಟು ವಿರಳ ಎಂಬುದಷ್ಟೇ ನನ್ನ ಪ್ರಶ್ನೆ. ಹೊಸಗನ್ನಡದಲ್ಲಿ ಮಾಸ್ತಿಯವರ ಕೆಲವು ಕಥೆಗಳು ಹಾಗೆ ನಿಲ್ಲುತ್ತವೆ. ನಡೆದದ್ದನ್ನು ಹೇಳಿ, ಏಕೆಂಬುದನ್ನು ಬಿಟ್ಟುಬಿಡುತ್ತವೆ. ಅದರ ಬೆಲೆ ನನಗೆ ಚಿಕ್ಕಂದಿನಲ್ಲಿ ತಿಳಿದಿರಲಿಲ್ಲ. ಕಥೆ ಅರ್ಧಕ್ಕೆ ನಿಂತಿತೆಂದು ಅಂದುಕೊಂಡಿದ್ದೆ.

ಅತ್ತೆ ಆಮೇಲೆ ನಲವತ್ತು ವರ್ಷ ಬದುಕಿದ್ದಳು. ಚೌಕಾಬಾರವನ್ನು ಬಿಡಲಿಲ್ಲ, ನನ್ನ ಮಕ್ಕಳಿಗೂ ಅವಳೇ ಕಲಿಸಿದಳು. ಕವಡೆಯನ್ನು ಬೈದ ಮಕ್ಕಳಿಗೆ ಅದೇ ಮಾತು ಹೇಳುತ್ತಿದ್ದಳು. ಬೇಸಿಗೆಯಲ್ಲಿ ಊರಿನ ಗುಡಿಯ ಮುಂದೆ ಹರಿಶ್ಚಂದ್ರನ ಕಥೆಯನ್ನು ಓದಿಸಿದಾಗ ತಪ್ಪದೆ ಹೋಗಿ ಮುಂದೆ ಕೂರುತ್ತಿದ್ದಳು. ಚಂದ್ರಮತಿಯ ಜೊತೆಗೆ ಅಳುತ್ತಿದ್ದಳು. ಲೋಹಿತಾಶ್ವ ಏಳುವ ಪದ್ಯಕ್ಕೆ ಗಮಕಿ ಬರುವ ಮೊದಲು, ಸೆರಗು ಸರಿಪಡಿಸಿಕೊಂಡು, ಹಸುವಿಗೆ ಹುಲ್ಲು ಹಾಕಬೇಕೆಂದು ಎದ್ದು ಮನೆಗೆ ಹೊರಟುಬಿಡುತ್ತಿದ್ದಳು.